ಹೊಸಬರು ಒಂದೇ ಪ್ಯಾಚ್ ಕಳಿಸಿ ಯಾಕೆ ಮಾಯವಾಗುತ್ತಾರೆ?

ಪ್ರಶ್ನೆ: ನಾನು ಮತ್ತು ನನ್ನ ಗೆಳತಿ ಮೂರು ವರ್ಷದಿಂದ ಒಂದು ಚಿಕ್ಕ ಓಪನ್ ಸೋರ್ಸ್ ಲೈಬ್ರರಿ (ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಕೋಡ್) ನೋಡಿಕೊಳ್ಳುತ್ತಿದ್ದೇವೆ. ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬರೆದ ಕೋಷ್ಟಕ) ಓದಿ ಅದರಲ್ಲಿರುವ ತಪ್ಪುಗಳನ್ನು ತೋರಿಸುವುದು ಅದರ ಕೆಲಸ. ಇಬ್ಬರಿಗೂ ನೌಕರಿ ಇದೆ, ಹಾಗಾಗಿ ಬೇರೆಯವರು ಕಳಿಸಿದ ಕೋಡ್ ಓದಿ ಹೇಳುವ ರಿವ್ಯೂಗೆ ಎರಡು ಮೂರು ವಾರ ಆಗಿಬಿಡುತ್ತದೆ. ಸಹಾಯ ಸಿಗಲಿ ಎಂದು ಹದಿನೈದು ಇಶ್ಯೂಗಳಿಗೆ (ಬರೆದಿಟ್ಟ ತಪ್ಪು, ಬಾಕಿ ಕೆಲಸಗಳಿಗೆ) ‘ಗುಡ್ ಫಸ್ಟ್ ಇಶ್ಯೂ’, ಅಂದರೆ ಹೊಸಬರಿಗೆ ತಕ್ಕದ್ದು, ಎಂಬ ಲೇಬಲ್ ಹಾಕಿದೆವು. ಜನ ಬಂದರು. ಆದರೆ ಕೆಲವರು ‘ನಾನು ಮಾಡ್ತೀನಿ’ ಎಂದು ಬರೆದು ನಾಪತ್ತೆಯಾದರು. ಕೆಲವರು ಒಂದು ಪುಲ್ ರಿಕ್ವೆಸ್ಟ್ (ತಮ್ಮ ಬದಲಾವಣೆಯನ್ನು, ಅಂದರೆ ಪ್ಯಾಚ್ ಅನ್ನು, ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿ ಮತ್ತೆ ಇತ್ತ ತಿರುಗಿ ನೋಡಲಿಲ್ಲ. ಈಗಲೂ ನಾಲ್ಕು ಪುಲ್ ರಿಕ್ವೆಸ್ಟ್ ಬಾಕಿ ಬಿದ್ದಿವೆ. ಅವರಿಗೆ ಹೇಳಿಕೊಡುವ ಹೊತ್ತಿಗೆ ನಾವೇ ಆ ಕೆಲಸ ಮುಗಿಸಬಹುದಿತ್ತು. ಹೊಸಬರನ್ನು ಕರೆದದ್ದೇ ತಪ್ಪಾಯ್ತಾ?

ಉತ್ತರ: ಕರೆದದ್ದು ತಪ್ಪಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲಿ ನೀವು ಸುಮ್ನೆ ಹೇಳಿ ಮುಂದೆ ಹೋದ ಒಂದು ಮಾತಿದೆ. ‘ರಿವ್ಯೂಗೆ ಎರಡು ಮೂರು ವಾರ ಆಗಿಬಿಡುತ್ತದೆ.’ ನಿಮ್ಮ ತೊಂದರೆಯ ಮುಕ್ಕಾಲು ಪಾಲು ಅಲ್ಲೇ ಇದೆ ಎಂದು ನನಗನ್ನಿಸುತ್ತದೆ. ಲೇಬಲ್, ಸ್ವಾಗತದ ಪುಟ, ನಿಯಮಗಳ ಫೈಲ್ ಎಲ್ಲ ಆಮೇಲಿನ ಮಾತು.

ಆ ಹೊಸಬರ ಕಡೆಯಿಂದ ಒಮ್ಮೆ ನೋಡಿ. ರಜೆಯ ದಿನ ಕೂತು ನಿಮ್ಮ ಕೋಡ್ ಇಳಿಸಿಕೊಂಡಿದ್ದಾರೆ. ಅರ್ಧ ದಿನ ಸೆಟಪ್‌ಗೇ ಹೋಗಿದೆ. ನಾಲ್ಕು ಸಾಲು ಬದಲಾಯಿಸಿದ್ದಾರೆ, ಅದು ಸರಿಯಾಗಿ ನಡೆಯುತ್ತದೆಯೇ ಎಂದು ನೋಡುವ ಒಂದು ಟೆಸ್ಟ್ ಬರೆದಿದ್ದಾರೆ. ಕಳಿಸುವ ಬಟನ್ ಒತ್ತುವ ಮೊದಲು ವಿವರಣೆಯನ್ನು ಮೂರು ಸಲ ತಿದ್ದಿದ್ದಾರೆ. ಆಮೇಲೆ ಸದ್ದೇ ಇಲ್ಲ. ಮೊದಲ ದಿನ ಹತ್ತು ಸಲ ಮೇಲ್ ನೋಡುತ್ತಾರೆ. ಮೂರನೇ ದಿನ ‘ಏನೋ ತಪ್ಪು ಮಾಡಿರಬೇಕು’ ಅನ್ನಿಸುತ್ತದೆ. ಒಂದು ವಾರ ಕಳೆದರೆ ಸಂಕೋಚ ಶುರುವಾಗುತ್ತದೆ, ನೆನಪಿಸಿದರೆ ಎಲ್ಲಿ ಬೇಜಾರು ಮಾಡಿಕೊಳ್ಳುತ್ತಾರೋ ಎಂದು. ಮೂರನೇ ವಾರ ನಿಮ್ಮ ಐದು ಟಿಪ್ಪಣಿಗಳು ಒಟ್ಟಿಗೆ ಬಂದಾಗ ಅವರ ಬ್ರಾಂಚ್‌ಗೂ (ಅವರ ಕೋಡ್ ಪ್ರತಿಗೂ) ನಿಮ್ಮ ಮೇನ್ ಬ್ರಾಂಚ್‌ಗೂ ಕಾನ್ಫ್ಲಿಕ್ಟ್ ಆಗಿರುತ್ತದೆ, ಅಂದರೆ ಒಂದೇ ಸಾಲು ಎರಡೂ ಕಡೆ ಬೇರೆ ಬೇರೆಯಾಗಿ ಬದಲಾಗಿರುತ್ತದೆ. ತಾವು ಏನು ಬರೆದಿದ್ದೆವು ಎಂಬುದೂ ಅವರಿಗೆ ಮರೆತಿರುತ್ತದೆ.

ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರು ಇದನ್ನು ಲೆಕ್ಕ ಹಾಕಿಯೇ ನೋಡಿದ್ದರು. ಮೊದಲ ಪ್ಯಾಚ್‌ಗೆ 48 ಗಂಟೆಯೊಳಗೆ ರಿವ್ಯೂ ಸಿಕ್ಕವರು ಮರಳಿ ಬರುವುದು ತುಂಬಾ ಜಾಸ್ತಿ ಇತ್ತು. 7 ದಿನಕ್ಕಿಂತ ಹೆಚ್ಚು ಕಾದವರಲ್ಲಿ ಮರಳಿ ಬಂದವರು ಇಲ್ಲವೆಂದೇ ಹೇಳಬೇಕು. ಪ್ಯಾಚ್ ಚೆನ್ನಾಗಿತ್ತೋ ಇಲ್ಲವೋ, ಅವರಿಗೆ ಅನುಭವ ಇತ್ತೋ ಇಲ್ಲವೋ ಎಂಬುದಕ್ಕಿಂತ ಮೊದಲು ಬರುವ ಪ್ರಶ್ನೆ ಇದು: ಆ ಕಡೆಯಿಂದ ಯಾರಾದರೂ ಉತ್ತರ ಕೊಟ್ಟರಾ?

‘ನೌಕರಿ ಮಾಡಿಕೊಂಡು ಎರಡು ದಿನದಲ್ಲಿ ರಿವ್ಯೂ ಹೇಗೆ ಮಾಡೋದು’ ಎಂದು ನೀವು ಕೇಳಬಹುದು. ಪೂರ್ತಿ ರಿವ್ಯೂ ಬೇಡ. ಎರಡು ನಿಮಿಷ ಸಾಕು. ‘ನಿಮ್ಮ ಬದಲಾವಣೆ ನೋಡಿದೆ. ಟೆಸ್ಟ್ ಕೂಡ ಬರೆದಿದ್ದು ಒಳ್ಳೆಯದಾಯಿತು. ಶನಿವಾರ ಬೆಳಿಗ್ಗೆ ಕೂತು ಪೂರ್ತಿ ಓದುತ್ತೇನೆ.’ ಇಷ್ಟು ಬರೆಯಿರಿ, ಶನಿವಾರ ಖಂಡಿತ ಓದಿ. ಈ ಮೂರು ವಾಕ್ಯದಲ್ಲಿ ಮುಖ್ಯವಾದದ್ದು ನಡುವಿನದು. ಫೈಲ್ ತೆರೆದು ನೋಡದೆ ಅದನ್ನು ಬರೆಯಲು ಬರುವುದಿಲ್ಲ, ಅದು ಅವರಿಗೂ ಗೊತ್ತಾಗುತ್ತದೆ.

ಬಾಟ್ ಹಾಕಿ ಸ್ವಾಗತ ಹೇಳಿಸಿದರೆ ಆಗುವುದಿಲ್ಲವಾ ಎಂದು ಹಲವರು ಕೇಳುತ್ತಾರೆ. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ರಾಜೆಕ್ಟ್‌ನಲ್ಲಿ ಬಹಳ ಕಾಲ ‘ಹೈಫೈವ್’ ಎಂಬ ಬಾಟ್ ಇತ್ತು. ಹೊಸಬರು ಬಂದರೆ ನಮಸ್ಕಾರ ಹೇಳಿ, ಜೊತೆಗೆ ಒಬ್ಬ ರಿವ್ಯೂವರ್‌ನ ಹೆಸರು ಹಾಕಿ ಕೆಲಸ ಒಪ್ಪಿಸುತ್ತಿತ್ತು. ಉಪಯೋಗಕ್ಕೆ ಬಂದದ್ದು ಆ ಹೆಸರು. ಈ ಪ್ಯಾಚ್ ಇಂಥವರ ಕೈಯಲ್ಲಿದೆ ಎಂದು ಗೊತ್ತಾದರೆ ಕಾಯುವುದು ಅಷ್ಟು ಕಷ್ಟವಲ್ಲ. ನೀವು ಇಬ್ಬರೇ ಇರುವುದರಿಂದ ಬಾಟ್ ಬೇಕಾಗಿಲ್ಲ. ಸಮ ವಾರ ನೀವು, ಬೆಸ ವಾರ ನಿಮ್ಮ ಗೆಳತಿ ಎಂದು ಹಂಚಿಕೊಂಡರೆ ಸಾಕು.

ಇನ್ನೊಂದು ವಿಷಯ ನಿಮ್ಮ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ‘ಗಿಟ್‌ಹಬ್ ಆಕ್ಷನ್ಸ್’ ಸೌಲಭ್ಯವನ್ನು ಕೆಲವರು ಕ್ರಿಪ್ಟೊ ಮೈನಿಂಗ್‌ಗೆ ಬಳಸಲು ಶುರು ಮಾಡಿದ್ದರಿಂದ 2021ರಲ್ಲಿ ಗಿಟ್‌ಹಬ್ ಒಂದು ನಿಯಮ ತಂದಿತು. ಮೊದಲ ಸಲ ಬಂದವರ ಪುಲ್ ರಿಕ್ವೆಸ್ಟ್ ಮೇಲೆ ಟೆಸ್ಟ್‌ಗಳು ತಾವಾಗಿಯೇ ಓಡುವುದಿಲ್ಲ. ಮೇಂಟೇನರ್, ಅಂದರೆ ಪ್ರಾಜೆಕ್ಟ್ ನೋಡಿಕೊಳ್ಳುವವರು, ಒಪ್ಪಿಗೆಯ ಬಟನ್ ಒತ್ತಬೇಕು. ನೀವು ಮೂರು ವಾರ ಆ ಕಡೆ ಹೋಗದಿದ್ದರೆ ಅವರಿಗೆ ಮನುಷ್ಯರ ಉತ್ತರವೂ ಇಲ್ಲ, ಟೆಸ್ಟ್ ಪಾಸಾಯಿತೋ ಇಲ್ಲವೋ ಎಂಬ ಯಂತ್ರದ ಉತ್ತರವೂ ಇಲ್ಲ. ಬದಲಾವಣೆಯನ್ನು ಒಮ್ಮೆ ಕಣ್ಣಾಡಿಸಿ, ಅನುಮಾನ ಪಡುವಂಥದ್ದು ಇಲ್ಲದಿದ್ದರೆ ಆ ಬಟನ್ ಒತ್ತಿಬಿಡಿ.

ಈಗ ನಿಮ್ಮ ಕೊನೆಯ ಮಾತಿಗೆ ಬರುತ್ತೇನೆ. ‘ಆ ಹೊತ್ತಿಗೆ ನಾವೇ ಮುಗಿಸಬಹುದಿತ್ತು.’ ನಿಜ. ಮೊದಲ ಪ್ಯಾಚ್‌ನಲ್ಲಿ ಮೇಂಟೇನರ್‌ಗೆ ಯಾವಾಗಲೂ ನಷ್ಟವೇ. ಇಪ್ಪತ್ತು ನಿಮಿಷದ ಕೆಲಸಕ್ಕೆ ಎರಡು ಗಂಟೆ ಹೋಗುತ್ತದೆ. ಎರಡನೆಯದರಲ್ಲಿ ಅರ್ಧಕ್ಕೆ ಇಳಿಯುತ್ತದೆ. ಐದನೆಯದು ಬರುವ ಹೊತ್ತಿಗೆ ನೀವು ಮಾಡಲಾಗದೆ ಬಿಟ್ಟ ಕೆಲಸಗಳನ್ನು ಅವರು ಎತ್ತಿಕೊಂಡಿರುತ್ತಾರೆ. ಹಾಗಾಗಿ ಎಷ್ಟು ಜನ ಬಂದರು ಎಂದು ಲೆಕ್ಕ ಇಡಬೇಡಿ. ಎರಡನೇ ಪ್ಯಾಚ್ ಕಳಿಸಿದವರು ಎಷ್ಟು ಎಂದು ನೋಡಿ. ಮುಂದೆ ನಾನು ಹೇಳುವುದೆಲ್ಲ ಆ ಎರಡನೇ ಪ್ಯಾಚ್‌ಗಾಗಿಯೇ.

‘ನಾವೇ ಮಾಡಿಬಿಡೋಣ’ ಎಂಬ ಆಸೆ ನನಗೂ ಬಂದಿತ್ತು. ಬಹಳ ವರ್ಷಗಳ ಹಿಂದೆ ಒಬ್ಬರು ನನಗೊಂದು ಪ್ಯಾಚ್ ಕಳಿಸಿದರು. ಯೋಚನೆ ಸರಿಯಿತ್ತು, ಬರೆದ ರೀತಿ ಸ್ವಲ್ಪ ಉದ್ದವಾಗಿತ್ತು. ವಿವರಿಸುತ್ತ ಕೂರುವ ಬದಲು ರಾತ್ರಿ ನಾನೇ ಎಂಟು ಸಾಲಿನಲ್ಲಿ ಬರೆದು ಸೇರಿಸಿದೆ. ಅವರದನ್ನು ‘ಈಗ ಬೇಕಿಲ್ಲ, ಧನ್ಯವಾದ’ ಎಂದು ಮುಚ್ಚಿದೆ. ಸಹಾಯ ಮಾಡಿದೆ ಎಂದೇ ನಾನು ಅಂದುಕೊಂಡಿದ್ದೆ. ಅವರು ಮತ್ತೆ ಬರಲಿಲ್ಲ. ಅದಕ್ಕೂ ಮೊದಲು ಬೇರೊಂದು ಪ್ರಾಜೆಕ್ಟ್‌ನಲ್ಲಿ ನನಗೆ ಹೀಗೇ ಆಗಿತ್ತು, ನಾನೂ ಅಲ್ಲಿಗೆ ತಿರುಗಿ ಹೋಗಿರಲಿಲ್ಲ. ಆ ನೋವು ಗೊತ್ತಿದ್ದೂ ಅದನ್ನೇ ಮಾಡಿದೆನಲ್ಲ ಎಂಬುದು ಇವತ್ತಿಗೂ ನನ್ನನ್ನು ಕಾಡುತ್ತದೆ. ನೀವು ತಿದ್ದಲೇಬೇಕಾಗಿ ಬಂದರೆ ಅವರ ಕಮಿಟ್‌ನ (ಅವರ ಹೆಸರಲ್ಲಿ ದಾಖಲಾದ ಬದಲಾವಣೆಯ) ಮೇಲೆಯೇ ತಿದ್ದಿ, ಅವರ ಹೆಸರು ಉಳಿಯಲಿ. ಹೊಸದಾಗಿ ಬರೆದರೆ ಕಮಿಟ್ ಸಂದೇಶದ ಕೊನೆಗೆ ‘ಕೋ-ಆಥರ್ಡ್-ಬೈ’ ಸಾಲು ಹಾಕಿ. ಗಿಟ್‌ಹಬ್ ಆಗ ಇಬ್ಬರ ಹೆಸರನ್ನೂ ತೋರಿಸುತ್ತದೆ.

ರಿವ್ಯೂ ಬರೆಯುವ ಬಗೆ ಹೇಳಬೇಕು. ನಿಮ್ಮ ಲೈಬ್ರರಿಯದೇ ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಕಾಲಂ ಹೆಸರು ಖಾಲಿ ಇದ್ದರೆ ಎಚ್ಚರಿಕೆ ಕೊಡುವ ಪ್ಯಾಚ್ ಬಂದಿದೆ. ಅವಸರದಲ್ಲಿ ನಾವು ಬರೆಯುವುದು ಹೀಗೆ: ‘ಇದು ಇಲ್ಲಿ ಯಾಕೆ?’ ‘ಸ್ಪೇಸ್ ಸರಿ ಮಾಡಿ.’ ‘ಹೆಸರು ಸರಿಯಿಲ್ಲ.’ ನಮಗೆ ಇದರಲ್ಲಿ ಕೋಪವಿಲ್ಲ. ಆದರೆ ನಮ್ಮ ಮುಖ ನೋಡಿರದ ಹೊಸಬರಿಗೆ ಆ ‘ಯಾಕೆ’ ಪ್ರಶ್ನೆಯೋ ಬೈಗುಳವೋ ತಿಳಿಯುವುದಿಲ್ಲ. ಅದನ್ನೇ ಹೀಗೆ ಬರೆದು ನೋಡಿ: ‘ಈ ಪರೀಕ್ಷೆ ಸಾಲು ಓದುವ ಲೂಪ್‌ನ ಒಳಗಿದೆ, ಹಾಗಾಗಿ ಪ್ರತಿ ಸಾಲಿಗೂ ನಡೆಯುತ್ತದೆ. ಹತ್ತು ಲಕ್ಷ ಸಾಲಿನ ಫೈಲ್‌ನಲ್ಲಿ ನಿಧಾನವಾಗಬಹುದು. ಹೆಡರ್ ಓದಿದ ತಕ್ಷಣ ಒಮ್ಮೆ ಮಾಡಿದರೆ ಸಾಕಲ್ವಾ? ಇದೊಂದು ಬದಲಾಗಬೇಕು. ವೇರಿಯಬಲ್ ಹೆಸರಿನ ಬಗ್ಗೆ ಹೇಳಿದ್ದು ನನ್ನ ಅಭಿಪ್ರಾಯ ಅಷ್ಟೇ, ಬಿಟ್ಟರೂ ನಡೆಯುತ್ತದೆ.’

ಏನು ಆಗಲೇಬೇಕು, ಏನು ಅವರ ಇಷ್ಟ ಎಂದು ಬೇರೆ ಮಾಡಿ ಹೇಳಿ. ಇಲ್ಲದಿದ್ದರೆ ಅವರು ಹತ್ತೂ ಟಿಪ್ಪಣಿಗಳನ್ನು ಹತ್ತು ತಪ್ಪು ಎಂದೇ ಓದಿಕೊಳ್ಳುತ್ತಾರೆ. ಸ್ಪೇಸ್, ಅಲ್ಪವಿರಾಮದ ವಿಷಯ ನೀವು ಎತ್ತಲೇಬೇಡಿ. ಅದಕ್ಕೆ ಕೋಡ್ ಅನ್ನು ತಾನೇ ಓರಣ ಮಾಡುವ ಫಾರ್ಮ್ಯಾಟರ್ ಇದೆ. ಯಂತ್ರ ಹೇಳಿದರೆ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಇನ್ನೂ ಒಂದು. ಒಂದು ಸುತ್ತು ತಿದ್ದಿ ಕಳಿಸಿದ ಮೇಲೆ, ಮೊದಲೇ ಇದ್ದ ಸಾಲಿನಲ್ಲಿ ಹೊಸ ತಪ್ಪು ಹುಡುಕಿ ಎರಡನೇ ಸುತ್ತಿಗೆ ಎಳೆಯಬೇಡಿ. ಮೊದಲ ಸಲ ನಿಮ್ಮ ಕಣ್ಣಿಗೆ ಬೀಳದ್ದು ಚಿಕ್ಕದಾಗಿದ್ದರೆ ಮರ್ಜ್ ಮಾಡಿ (ಮುಖ್ಯ ಕೋಡ್‌ಗೆ ಸೇರಿಸಿ), ಆಮೇಲೆ ನೀವೇ ಸರಿ ಮಾಡಿ.

ಹದಿನೈದು ಲೇಬಲ್‌ಗಳ ವಿಷಯಕ್ಕೆ ಬರೋಣ. ಈ ಲೇಬಲ್ ಹೊಸದೇನಲ್ಲ. ಮೊಜಿಲ್ಲಾದಲ್ಲಿ ‘ಗುಡ್ ಫಸ್ಟ್ ಬಗ್’ ಇದೆ, ವೆಬ್‌ಸೈಟ್ ಕಟ್ಟಲು ಬಳಸುವ ಜ್ಯಾಂಗೋದಲ್ಲಿ ‘ಈಸಿ ಪಿಕಿಂಗ್ಸ್’ ಇದೆ. ಮೊಜಿಲ್ಲಾದಲ್ಲಿ ಇಂಥ ಬಗ್‌ಗೆ ಹೇಳಿಕೊಡುವವರ ಹೆಸರನ್ನೂ ಜೊತೆಗೆ ಹಾಕುವ ಪದ್ಧತಿ ಬೆಳೆಯಿತು. ಬರೀ ‘ಸುಲಭ’ ಎಂದು ಚೀಟಿ ಅಂಟಿಸಿದರೆ ಯಾರಿಗೆ ಸುಲಭ? ಮೂರು ವರ್ಷದಿಂದ ಆ ಕೋಡ್ ಜೊತೆ ಇರುವ ನಿಮಗೆ ಸುಲಭ.

‘ಖಾಲಿ ಸಾಲು ಬಂದರೆ ಎರರ್ ಸಂದೇಶ ಸರಿಯಿಲ್ಲ’ ಎಂಬುದು ನಿಮ್ಮ ಇಶ್ಯೂ ಎಂದಿಟ್ಟುಕೊಳ್ಳಿ. ಹೊಸಬರಿಗೆ ಬೇಕಾದ್ದು ಇದಕ್ಕಿಂತ ಜಾಸ್ತಿ. ಯಾವ ಫೈಲ್ ಕೊಟ್ಟರೆ ಈ ತಪ್ಪು ಕಾಣುತ್ತದೆ, ಮೂರು ಸಾಲಿನ ಒಂದು ಮಾದರಿ ಕೊಡಿ. ಈಗ ಏನು ಬರುತ್ತದೆ, ಏನು ಬರಬೇಕು ಎಂದು ಬರೆಯಿರಿ. ಸಂದೇಶ ಹುಟ್ಟುವುದು ಯಾವ ಫೈಲಿನ ಯಾವ ಫಂಕ್ಷನ್‌ನಲ್ಲಿ ಎಂದು ತೋರಿಸಿ. ಈಗಾಗಲೇ ಇರುವ ಯಾವ ಟೆಸ್ಟ್ ನೋಡಿಕೊಂಡು ಹೊಸ ಟೆಸ್ಟ್ ಬರೆಯಬಹುದು ಎಂದು ಹೇಳಿ. ಮತ್ತೆ, ಏನು ಮಾಡಬೇಕಾಗಿಲ್ಲ ಎಂಬುದನ್ನೂ ಬರೆಯಿರಿ: ‘ಬೇರೆ ಎರರ್ ಸಂದೇಶಗಳನ್ನು ಮುಟ್ಟುವುದು ಬೇಡ.’ ಈ ಒಂದು ಸಾಲು ಇಲ್ಲದೆ ಎಷ್ಟೋ ಜನ ಇಡೀ ಫೈಲ್ ತಿದ್ದಿ ಕಳಿಸಿ, ಆಮೇಲೆ ಬೇಜಾರು ಮಾಡಿಕೊಂಡಿದ್ದನ್ನು ನಾನು ಕಂಡಿದ್ದೇನೆ.

ಇದನ್ನೆಲ್ಲ ಬರೆಯಲು ಅರ್ಧ ಗಂಟೆ ಬೇಕು. ಹಾಗಾಗಿ ಹದಿನೈದಕ್ಕೆ ಆಗುವುದಿಲ್ಲ. ಮೂರಕ್ಕೆ ಮಾಡಿ, ಉಳಿದ ಹನ್ನೆರಡರ ಲೇಬಲ್ ತೆಗೆದುಬಿಡಿ. ತೆಗೆಯುವಾಗ ಮೊದಲು ನೋಡಬೇಕಾದ್ದು, ನೀವೇ ಇನ್ನೂ ತೀರ್ಮಾನ ಮಾಡದ ಇಶ್ಯೂಗಳನ್ನು. ಬದಲಾಯಿಸಬೇಕಾದ್ದು ಎರಡೇ ಸಾಲು, ಆದರೆ ಹೇಗಿರಬೇಕು ಎಂದು ನಿಮ್ಮಿಬ್ಬರಲ್ಲೇ ಒಮ್ಮತ ಇಲ್ಲ. ಇಂಥದ್ದು ಚಿಕ್ಕದಾಗಿ ಕಾಣುತ್ತದೆ, ಅದಕ್ಕೇ ಹೊಸಬರು ಸಿಕ್ಕಿಬೀಳುತ್ತಾರೆ. ಅವರ ಪ್ಯಾಚ್ ಕೆಳಗೆ ನೀವಿಬ್ಬರು ಚರ್ಚೆ ಮಾಡುತ್ತ ಕೂತರೆ ಅವರು ಏನು ಮಾಡಬೇಕು ಹೇಳಿ.

‘ನಾನು ಮಾಡ್ತೀನಿ’ ಎಂದು ಬರೆದು ಹೋದವರ ಬಗ್ಗೆ ಕಹಿ ಬೇಡ. ಹೆಚ್ಚಿನವರು ಶುರು ಮಾಡಿ ಎಲ್ಲೋ ಸಿಕ್ಕಿಕೊಂಡು, ಹೇಳಲು ನಾಚಿಕೊಂಡು ಸುಮ್ಮನಾದವರು. ಇಶ್ಯೂದಲ್ಲೇ ಮೊದಲೇ ಬರೆದಿಡಿ: ಎರಡು ವಾರ ಸುದ್ದಿ ಇಲ್ಲದಿದ್ದರೆ ಒಮ್ಮೆ ಕೇಳುತ್ತೇವೆ, ಆಮೇಲೆ ಬೇರೆಯವರಿಗೆ ಬಿಡುತ್ತೇವೆ, ಅದರಲ್ಲಿ ಬೇಜಾರಿನ ಮಾತೇ ಇಲ್ಲ. ಇನ್ನೂ ಒಳ್ಳೆಯದು, ಅರ್ಧ ಆದದ್ದನ್ನೇ ಡ್ರಾಫ್ಟ್ ಪುಲ್ ರಿಕ್ವೆಸ್ಟ್ ಆಗಿ ಹಾಕಲು ಹೇಳಿ. ಎಲ್ಲಿ ಸಿಕ್ಕಿಕೊಂಡಿದ್ದಾರೆ ಎಂದು ನಿಮಗೆ ಕಾಣುತ್ತದೆ, ಕೇಳಲು ಅವರಿಗೊಂದು ಜಾಗ ಸಿಗುತ್ತದೆ.

ಸೆಟಪ್ ಬಗ್ಗೆ ಒಂದೇ ಒಂದು ಸಲಹೆ, ಆದರೆ ಅದನ್ನು ಖಂಡಿತ ಮಾಡಿ. ನಿಮ್ಮ ಪ್ರಾಜೆಕ್ಟ್ ನೋಡೇ ಇರದ ಒಬ್ಬರನ್ನು, ಏನೂ ಇನ್‌ಸ್ಟಾಲ್ ಆಗಿರದ ಕಂಪ್ಯೂಟರ್ ಮುಂದೆ ಕೂರಿಸಿ. ಪ್ರಾಜೆಕ್ಟ್‌ನ ಪರಿಚಯದ ಫೈಲ್ ‘ರೀಡ್‌ಮಿ’ ನೋಡಿಕೊಂಡು ಟೆಸ್ಟ್ ಓಡಿಸಲು ಹೇಳಿ. ನೀವು ಪಕ್ಕದಲ್ಲಿ ಕೂತು ಬಾಯಿ ಬಿಡಬೇಡಿ. ನಾನು ಹೀಗೆ ಕೂತಿದ್ದಾಗ ನಲವತ್ತು ನಿಮಿಷದ ಮೇಲೆ ಟೆಸ್ಟ್ ಓಡಿತು, ಎರಡು ಫೇಲ್ ಆದವು. ಆಕೆ ತಾನೇ ಏನೋ ಕೆಡಿಸಿದೆ ಎಂದು ಎಲ್ಲ ಅಳಿಸಿ ಮೊದಲಿಂದ ಶುರು ಮಾಡಿದರು. ಆ ಎರಡು ಟೆಸ್ಟ್‌ಗಳು ಕಂಪ್ಯೂಟರಿನ ಟೈಮ್ ಝೋನ್ ಬೇರೆ ಇದ್ದರೆ ಯಾವಾಗಲೂ ಫೇಲ್ ಆಗುತ್ತಿದ್ದವು. ನಮ್ಮ ತಂಡದಲ್ಲಿ ಎಲ್ಲರಿಗೂ ಅದು ಗೊತ್ತಿತ್ತು, ಅದಕ್ಕೇ ಯಾರೂ ಅದನ್ನು ನೋಡುತ್ತಲೇ ಇರಲಿಲ್ಲ. ಎಷ್ಟು ಜನ ಅಲ್ಲೇ ನಿಂತು, ಏನೂ ಹೇಳದೆ, ಕಿಟಕಿ ಮುಚ್ಚಿ ಎದ್ದು ಹೋಗಿದ್ದಾರೋ! ಅಂಥವರು ಯಾವ ಪಟ್ಟಿಯಲ್ಲೂ ಕಾಣಿಸುವುದಿಲ್ಲ. ಅವತ್ತು ಸಂಜೆಯೇ ಆ ಎರಡು ಟೆಸ್ಟ್ ಸರಿ ಮಾಡಿದೆವು.

ಸಹಾಯ ಮಾಡುವುದು ಹೇಗೆ ಎಂದು ತಿಳಿಸುವ ಕಾಂಟ್ರಿಬ್ಯೂಟಿಂಗ್ ಫೈಲ್ ಒಂದು ಪುಟ ಸಾಕು. ಪುಲ್ ರಿಕ್ವೆಸ್ಟ್ ತೆರೆಯುವವರಿಗೆ ಗಿಟ್‌ಹಬ್ ಅದರ ಕೊಂಡಿ ತಾನೇ ತೋರಿಸುತ್ತದೆ. ನಡವಳಿಕೆಯ ನಿಯಮಗಳನ್ನು ನೀವೇ ಬರೆಯಬೇಕಿಲ್ಲ. 2014ರಲ್ಲಿ ಬಂದ ‘ಕಾಂಟ್ರಿಬ್ಯೂಟರ್ ಕವೆನೆಂಟ್’ ಬಹಳ ಪ್ರಾಜೆಕ್ಟ್‌ಗಳಲ್ಲಿದೆ, ಲಿನಕ್ಸ್ ಕರ್ನಲ್ ಕೂಡ 2018ರಲ್ಲಿ ಅದನ್ನೇ ತೆಗೆದುಕೊಂಡಿತು. ದೂರು ಬಂದರೆ ಯಾರು ಓದುತ್ತಾರೆ ಎಂದು ಮಾತ್ರ ಅದರಲ್ಲಿ ಸರಿಯಾಗಿ ತುಂಬಿಸಿ. ಕೋಡ್ ಬರೆಯದವರಿಗೂ ಜಾಗ ಕೊಡಿ. ಬಗ್ ವರದಿ ನೋಡಿ ‘ನನ್ನಲ್ಲೂ ಹೀಗೇ ಆಗುತ್ತದೆ, ಈ ಫೈಲಿನಲ್ಲಿ’ ಎಂದು ಖಚಿತಪಡಿಸುವವರು ನಿಮ್ಮ ಅರ್ಧ ಕೆಲಸ ಕಡಿಮೆ ಮಾಡುತ್ತಾರೆ.

ಇನ್ನು ಸಂಖ್ಯೆಯ ಮಾತು. ಬಾಗಿಲು ತೆರೆಯುವುದು ಎಂದರೆ ಎಷ್ಟು ಜನ ಬಂದರೂ ಸರಿ ಎಂದಲ್ಲ. 2020ರ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಓಪನ್ ಸೋರ್ಸ್ ಅಭಿಯಾನ ನೆನಪಿರಬಹುದು. ಅಕ್ಟೋಬರ್‌ನಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದರೆ ಟೀ ಶರ್ಟ್ ಎಂದಿತ್ತು. ರೀಡ್‌ಮಿಯಲ್ಲಿ ಒಂದು ಪದ ಸೇರಿಸಿ ಕಳಿಸಿದವರ ಪ್ರವಾಹವೇ ಬಂತು. ಮೇಂಟೇನರ್‌ಗಳು ಕಂಗೆಟ್ಟರು. ಕೆಲವೇ ದಿನಗಳಲ್ಲಿ ಆಯೋಜಕರು ನಿಯಮ ಬದಲಿಸಿ, ತಾವಾಗಿ ಒಪ್ಪಿದ ಪ್ರಾಜೆಕ್ಟ್‌ಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರು. ನೀವು ಇಬ್ಬರು. ಒಂದು ಸಲಕ್ಕೆ ಇಬ್ಬರು ಅಥವಾ ಮೂವರು ಹೊಸಬರನ್ನು ನೋಡಿಕೊಳ್ಳಬಲ್ಲಿರಿ. ಮೂರೇ ಲೇಬಲ್ ಇಡಿ ಎಂದದ್ದು ಅದಕ್ಕೇ. ಪರೀಕ್ಷೆಯೋ ರಿಲೀಸೋ ಇದ್ದು ಪುರುಸೊತ್ತು ಇಲ್ಲದ ತಿಂಗಳಲ್ಲಿ ಆ ಮೂರನ್ನೂ ತೆಗೆದುಬಿಡಿ. ಕರೆದು ಕಾಯಿಸುವುದಕ್ಕಿಂತ ಆಮೇಲೆ ಕರೆಯುವುದು ಮರ್ಯಾದೆ.

ಈಗ ಎಐ ಬರೆದ ಪ್ಯಾಚ್‌ಗಳೂ ಬರುತ್ತವೆ. ಉಪಕರಣ ಬಳಸಿದರು ಎಂದು ಯಾರನ್ನೂ ಓಡಿಸಬೇಡಿ. ‘ಈ ಬದಲಾವಣೆ ಯಾಕೆ ಕೆಲಸ ಮಾಡುತ್ತದೆ, ನಿಮ್ಮದೇ ಮಾತಿನಲ್ಲಿ ಎರಡು ಸಾಲು ಬರೆಯಿರಿ’ ಎಂದು ಕೇಳಿ. ಕಲಿಯಲು ಬಂದವರು ಬರೆಯುತ್ತಾರೆ, ಅವರ ಜೊತೆ ಮುಂದುವರಿಯಿರಿ. ಉತ್ತರ ಬರದಿದ್ದರೆ ಮುಚ್ಚಿ. ಬೇಡದ ಪ್ಯಾಚ್ ಅನ್ನು ಬೇಡ ಎಂದು ಬೇಗ ಹೇಳುವುದೂ ಹೊಸಬರಿಗೆ ಮಾಡುವ ಉಪಕಾರವೇ. ಕಾರಣ ಒಂದು ಸಾಲಿನಲ್ಲಿ ಬರೆದು, ‘ಈ ಇಶ್ಯೂ ನೋಡ್ತೀರಾ?’ ಎಂದು ಬೇರೆ ಕಡೆ ತೋರಿಸಿ.

ಎರಡನೇ ಪ್ಯಾಚ್ ತಾನಾಗಿ ಬರುವುದಿಲ್ಲ, ಕೇಳಬೇಕು. ಮರ್ಜ್ ಮಾಡಿದ ಆ ಹೊತ್ತಿನಲ್ಲಿ ಅವರಿಗೆ ಖುಷಿ ಇರುತ್ತದೆ, ಕೋಡ್ ಇನ್ನೂ ತಲೆಯಲ್ಲಿರುತ್ತದೆ. ‘ಹೆಡರ್ ಓದುವ ಭಾಗ ಈಗ ನಿಮಗೆ ಚೆನ್ನಾಗಿ ಗೊತ್ತು. ಒಂದೇ ಹೆಸರಿನ ಎರಡು ಕಾಲಂ ಬಂದರೂ ಇದೇ ತೊಂದರೆ ಇದೆ, ನೋಡ್ತೀರಾ?’ ಎಂದು ಆಗಲೇ ಕೇಳಿ. ಮೂರನೆಯದರ ಹೊತ್ತಿಗೆ ಇನ್ನೊಬ್ಬ ಹೊಸಬರ ಪ್ಯಾಚ್ ಓದಲು ಕರೆಯಿರಿ. ಸೆಟಪ್‌ನಲ್ಲಿ ಎಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ ಎಂಬುದು ನಿಮಗಿಂತ ಅವರಿಗೆ ಹತ್ತಿರದ ನೆನಪು.

ಹಾಗಾದರೆ ಅಧಿಕಾರ ಯಾವಾಗ ಕೊಡಬೇಕು? 2024ರ ಮಾರ್ಚ್‌ನಲ್ಲಿ, ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಾಧನದ ಪ್ರಕರಣ ಹೊರಗೆ ಬಂದ ಮೇಲೆ ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಪ್ಯಾಚ್ ಕಳಿಸುತ್ತ ನಂಬಿಕೆ ಗಳಿಸಿದ ಒಬ್ಬರು ಆ ಕಂಪ್ರೆಷನ್ ಸಾಧನದೊಳಗೆ ಹಿಂಬಾಗಿಲು ಇಟ್ಟಿದ್ದರು. ದೂರದ ಕಂಪ್ಯೂಟರಿಗೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗುವುದು ಅರ್ಧ ಸೆಕೆಂಡ್ ತಡವಾಗುತ್ತಿದೆ ಯಾಕೆ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನು ಹತ್ತಿದ್ದರಿಂದ ಅದು ಸಿಕ್ಕಿತು. ‘ನೋಡಿ, ಹೊಸಬರನ್ನು ನಂಬಬಾರದು’ ಎಂದು ಕೆಲವರು ಇದರಿಂದ ಅರ್ಥ ಮಾಡಿಕೊಂಡರು. ನಾನು ಒಪ್ಪುವುದಿಲ್ಲ. ಅಲ್ಲಿ ಹೆಚ್ಚುಕಡಿಮೆ ಒಬ್ಬರೇ ಮೇಂಟೇನರ್ ಇದ್ದರು, ದಣಿದಿದ್ದರು. ‘ಕೆಲಸ ನಿಧಾನವಾಗುತ್ತಿದೆ, ಬೇರೆಯವರಿಗೆ ಕೊಡಿ’ ಎಂದು ಕೆಲವರು ಆ ಮೇಂಟೇನರ್ ಮೇಲೆ ಒತ್ತಡ ಹಾಕಿದ್ದರು. ನಾಲ್ಕೈದು ಜನ ನಿಜವಾಗಿ ಕೋಡ್ ಓದುವವರಿದ್ದರೆ ಆ ಆಟ ಅಷ್ಟು ಸುಲಭವಾಗುತ್ತಿರಲಿಲ್ಲ. ನೀವು ಮಾಡಬೇಕಾದ್ದು ಇಷ್ಟು. ಸ್ವಾಗತ ಮೊದಲ ದಿನವೇ ಸಿಗಲಿ, ಕೀಲಿ ನಿಧಾನವಾಗಿ ಸಿಗಲಿ. ಗಿಟ್‌ಹಬ್‌ನಲ್ಲಿ ತಂಡಗಳು ತೆರೆಯುವ ‘ಆರ್ಗನೈಸೇಶನ್’ ಖಾತೆಗಳಲ್ಲಿ ‘ಟ್ರಯಾಜ್’ ಎಂಬ ಹಂತ ಇದೆ. ಅದರಲ್ಲಿ ಇಶ್ಯೂ ಮುಚ್ಚಬಹುದು, ಲೇಬಲ್ ಹಾಕಬಹುದು, ಕೋಡ್ ಮುಟ್ಟಲಾಗುವುದಿಲ್ಲ. ಶುರುವಿಗೆ ಅದು ಸಾಕು. ಯಾರೇ ಬರೆದರೂ, ನೀವೇ ಬರೆದರೂ, ಇನ್ನೊಬ್ಬರು ಓದದೆ ಮರ್ಜ್ ಆಗಬಾರದು. ರಿಲೀಸ್ ಮಾಡುವ ಅಧಿಕಾರ ಎಲ್ಲಕ್ಕಿಂತ ಕೊನೆಗೆ.

ಇದನ್ನೆಲ್ಲ ಶುರು ಮಾಡುವ ಮೊದಲು ಬಾಕಿ ಬಿದ್ದಿರುವ ಆ ನಾಲ್ಕು ಪುಲ್ ರಿಕ್ವೆಸ್ಟ್‌ಗಳಿಗೆ ಇವತ್ತೇ ಉತ್ತರ ಬರೆಯಿರಿ. ಹಳೆಯದರಿಂದ ಶುರು ಮಾಡಿ. ಕಾನ್ಫ್ಲಿಕ್ಟ್ ಆಗಿದ್ದರೆ ಅವರಿಂದ ಮಾಡಿಸಬೇಡಿ, ತಡ ಮಾಡಿದ್ದು ನಾವು. ಕಳಿಸುವಾಗ ಅವರು ಮೇಂಟೇನರ್ ತಿದ್ದಬಹುದು ಎಂಬ ಒಪ್ಪಿಗೆ ಕೊಟ್ಟಿದ್ದರೆ ನೀವೇ ಅವರ ಬ್ರಾಂಚ್‌ನಲ್ಲಿ ಸರಿ ಮಾಡಬಹುದು. ಆಮೇಲೆ ಇಷ್ಟು ಬರೆಯಿರಿ: ‘ಇಷ್ಟು ದಿನ ನಿಮ್ಮನ್ನು ಕಾಯಿಸಿದ್ದಕ್ಕೆ ಕ್ಷಮಿಸಿ. ನಿಮ್ಮ ಪ್ಯಾಚ್ ಇವತ್ತು ಓದಿದೆ. ಕಾನ್ಫ್ಲಿಕ್ಟ್ ನಾನೇ ಬಿಡಿಸಿದ್ದೇನೆ. ಒಂದೇ ಒಂದು ಪ್ರಶ್ನೆ ಇದೆ, ಕೆಳಗೆ ಬರೆದಿದ್ದೇನೆ. ಈಗ ನಿಮಗೆ ಸಮಯ ಇಲ್ಲದಿದ್ದರೆ ಹೇಳಿ, ಉಳಿದದ್ದು ನಾನು ಮುಗಿಸಿ ನಿಮ್ಮ ಹೆಸರಿನಲ್ಲೇ ಸೇರಿಸುತ್ತೇನೆ.’